ನಗಿಸುವುದೂ ಕಾಯಕವೇ



ಪಾಳಿ ಮುಗಿಯುವ ಹೊತ್ತಿನಲ್ಲಿ ಚಂದಾಪುರದ ವೃತ್ತದಲ್ಲಿ ಒಂದು ಗಳಿಗೆ ನಿಂತು ನೋಡಬೇಕು. ಬೊಮ್ಮಸಂದ್ರ, ಜಿಗಣಿಗಳ ಕಾರ್ಖಾನೆಗಳಿಂದ ಹೊರಬಂದವರು ಹೊಸೂರು ರಸ್ತೆಯುದ್ದಕ್ಕೂ ಧಾವಿಸುತ್ತಿರುತ್ತಾರೆ. ದುಡಿಮೆಗೆ ಕೊರತೆಯಿಲ್ಲ, ಆದರೆ ಎಷ್ಟೋ ಮುಖಗಳಲ್ಲಿ ನಗುವಿಲ್ಲ. ಮನೆ ಸೇರಿದರೂ ಮಡದಿ ಮಕ್ಕಳೊಡನೆ ಎರಡು ಮಾತಿಲ್ಲ. ದುಡಿಮೆ, ಸಂತೋಷ, ಸಂಸಾರ ಎಂದು ಬದುಕನ್ನು ಮೂರು ತುಂಡು ಮಾಡಿಕೊಂಡಿದ್ದೇವೆ. ಈ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿ ಬಾಳಿದ ನಾಟಕರತ್ನ ಗುಬ್ಬಿ ವೀರಣ್ಣನವರನ್ನು ಇಂದು ನೆನೆಯೋಣ.

ವೀರಣ್ಣನವರು ಜನಿಸಿದ್ದು 1891ರಲ್ಲಿ. ತುಮಕೂರು ಜಿಲ್ಲೆಯ ಗುಬ್ಬಿಯು ಚನ್ನಬಸವೇಶ್ವರರ ಪುಣ್ಯನೆಲ. ಆ ಹೆಸರನ್ನೇ ಹೊತ್ತು 1884ರಲ್ಲಿ ಹುಟ್ಟಿದ ನಾಟಕ ಕಂಪನಿಗೆ ಅವರು ಬಾಲಕನಾಗಿ ಸೇರಿದರು. ಪಾಠಶಾಲೆಯೂ ಅದೇ, ಮನೆಯೂ ಅದೇ ಆಯಿತು. ಚಿಕ್ಕಪುಟ್ಟ ಪಾತ್ರಗಳಿಂದ ಮೇಲೇರಿ, ಮುಂದೆ ಆ ಕಂಪನಿಯ ಒಡೆಯರೇ ಆದರು.

ಒಡೆಯರಾದ ಮೇಲೂ ಅವರು ಗಾದಿಯ ಮೇಲೆ ಕೂರಲಿಲ್ಲ. ಬಣ್ಣ ಹಚ್ಚಿ ಹಾಸ್ಯಗಾರರಾಗಿ ರಂಗಕ್ಕೆ ಇಳಿದರು. ಸದಾರಮೆ ನಾಟಕದಲ್ಲಿ ಅವರ ಕಳ್ಳನ ಪಾತ್ರಕ್ಕಾಗಿ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ನಗಿಸುವುದು ಹಗುರವಾದ ಕೆಲಸವೆಂದು ಭಾವಿಸಬಾರದು. ಅಳಿಸುವುದಕ್ಕೆ ಒಂದು ಕರುಣೆಯ ಕಥೆ ಸಾಕು. ದಣಿದು ಬಂದವನನ್ನು ನಗಿಸಬೇಕಾದರೆ ನಟನು ತನ್ನ ದಣಿವನ್ನು ಪರದೆಯ ಹಿಂದೆ ಕಟ್ಟಿಟ್ಟು ಬರಬೇಕು. ಅದನ್ನು ದಿನವೂ ಮಾಡಬೇಕು. ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದ ಸಾಹಸಿ ಅವರು. ಆ ವೈಭವದ ಹಿಂದೆ ಎಷ್ಟು ಬೆವರಿತ್ತೆಂಬುದನ್ನು ದುಡಿಯುವವರು ಬಲ್ಲರು.

ಅವರ ಸಂಸಾರವೂ ರಂಗದ ಮೇಲೆಯೇ ಬೆಳೆಯಿತು. ಪತ್ನಿ ಬಿ. ಜಯಮ್ಮನವರು ಹೆಸರಾಂತ ನಟಿ. 1946ರ ಹೇಮರೆಡ್ಡಿ ಮಲ್ಲಮ್ಮ ಚಿತ್ರದಲ್ಲಿ ಆ ಶಿವಶರಣೆಯ ಪಾತ್ರ ಅವರದೇ. ಮಗಳು ಮಾಲತಮ್ಮ, ಮೊಮ್ಮಗಳು ಬಿ. ಜಯಶ್ರೀ ಅದೇ ದಾರಿಯಲ್ಲಿ ನಡೆದರು. ಹೆಣ್ಣುಮಕ್ಕಳು ರಂಗವೇರುವುದನ್ನು ಸಮಾಜ ಹಗುರವಾಗಿ ಕಾಣುತ್ತಿದ್ದ ಕಾಲದಲ್ಲಿ, ತಮ್ಮ ಮನೆಯವರನ್ನೇ ಮುಂದೆ ನಿಲ್ಲಿಸಿದ ಧೈರ್ಯ ಅವರದು.

ರಕ್ತಸಂಬಂಧಕ್ಕೆ ಮಾತ್ರ ಅವರ ಮನೆ ಸೀಮಿತವಾಗಿರಲಿಲ್ಲ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಆ ಕಂಪನಿಯಲ್ಲಿ ದುಡಿದರು. ಅವರ ಮಗ ಮುತ್ತುರಾಜನೂ ಅಲ್ಲಿಯೇ ಪಳಗಿದನು. ವೀರಣ್ಣನವರ ಸಂಸ್ಥೆಯೂ ಕೂಡಿ ನಿರ್ಮಿಸಿದ 1954ರ ಬೇಡರ ಕಣ್ಣಪ್ಪ ಚಿತ್ರದಲ್ಲಿ ಆತನೇ ರಾಜಕುಮಾರನಾಗಿ ನಾಡಿಗೆ ದೊರೆತನು. ಕಂಪನಿ ಸೇರಿದ್ದ ಬಿ.ವಿ. ಕಾರಂತರೆಂಬ ಹುಡುಗನಲ್ಲಿ ವಿದ್ಯೆಯ ಹಸಿವನ್ನು ಕಂಡ ವೀರಣ್ಣನವರು, ಹೆಚ್ಚಿನ ಓದಿಗಾಗಿ ಕಾಶಿಗೆ ಕಳುಹಿಸಿಕೊಟ್ಟರು. ಒಳ್ಳೆಯ ನಟನನ್ನು ತನ್ನಲ್ಲಿಯೇ ಕಟ್ಟಿಹಾಕಿಕೊಳ್ಳುವುದು ವ್ಯಾಪಾರ. ಅವನು ಬೆಳೆಯಲೆಂದು ಕಳುಹಿಸಿಕೊಡುವುದು ದಾಸೋಹ. ಅನ್ನವಿಕ್ಕುವುದು ಮಾತ್ರವೇ ದಾಸೋಹವಲ್ಲ.

ವೀರಣ್ಣನವರಿಗೆ 1972ರಲ್ಲಿ ಪದ್ಮಶ್ರೀ ಗೌರವ ಸಂದಿತು. ಅದೇ ವರ್ಷದ ಅಕ್ಟೋಬರ್ 18ರಂದು ಅವರು ಲಿಂಗೈಕ್ಯರಾದರು. ತಮ್ಮ ಆತ್ಮಕಥೆಗೆ ಅವರು ಇಟ್ಟ ಹೆಸರು ಕಲೆಯೇ ಕಾಯಕ. ಶರಣರು ನೇಯ್ಗೆಗೆ, ಹಗ್ಗ ಹೊಸೆಯುವುದಕ್ಕೆ ಕೊಟ್ಟ ಪಾವಿತ್ರ್ಯವನ್ನು ಇವರು ಬಣ್ಣದ ಬದುಕಿಗೂ ತಂದರು.

ಯಂತ್ರದ ಮುಂದೆ ನಿಂತವನಿಗೂ ಗಣಕಯಂತ್ರದ ಮುಂದೆ ಕುಳಿತವನಿಗೂ ಇಲ್ಲಿ ಪಾಠವಿದೆ. ನಿವೃತ್ತನಾದ ಮೇಲೆ ನಗುತ್ತೇನೆ, ಸಾಲ ತೀರಿದ ಮೇಲೆ ಮಕ್ಕಳೊಡನೆ ಕೂರುತ್ತೇನೆ ಎಂದು ಮುಂದೂಡಬೇಡಿ. ಅಷ್ಟರಲ್ಲಿ ಮಕ್ಕಳು ಬೆಳೆದು ದೂರವಾಗಿರುತ್ತಾರೆ. ದುಡಿದು ತಂದ ಕೂಳಿನ ಜೊತೆಗೆ ಒಂದು ನಗುವನ್ನೂ ಮನೆಗೆ ತನ್ನಿ. ಆಗ ಆ ಊಟವೇ ಪ್ರಸಾದವಾಗುತ್ತದೆ.

ಸರ್ವರಿಗೂ ಸನ್ಮಂಗಳವಾಗಲಿ.