ಪಾಲ್ ದ ವಿವಿ

ಪಾಲ್ ದ ವಿವಿ (29 ಏಪ್ರಿಲ್ 1853 – 27 ಫೆಬ್ರವರಿ 1930) ಫ್ರಾನ್ಸಿನ ಸೈಕಲ್ ಪ್ರವಾಸಿ, ಪತ್ರಿಕಾ ಸಂಪಾದಕ ಹಾಗೂ ಸೈಕಲ್ ತಯಾರಕರು. ವೆಲೋಸಿಯೊ ಎಂಬ ಅಂಕಿತನಾಮದಿಂದ ಹೆಚ್ಚು ಪರಿಚಿತರು. ಸೈಕಲನ್ನು ಪಂದ್ಯದ ಸಾಧನವೆಂದಷ್ಟೇ ಕಾಣುತ್ತಿದ್ದ ಕಾಲದಲ್ಲಿ, ಅದು ಹಳ್ಳಿಗಾಡಿನ ದಾರಿಗಳಲ್ಲಿ ದಿನಗಟ್ಟಲೆ ಸಂಚರಿಸಲು ಒದಗುವ ವಾಹನವೆಂದು ಪ್ರತಿಪಾದಿಸಿದವರಲ್ಲಿ ಇವರು ಪ್ರಮುಖರು. ಫ್ರಾನ್ಸಿನಲ್ಲಿ ಇವರನ್ನು ಸೈಕಲ್ ಪ್ರವಾಸದ ಪಿತಾಮಹರೆಂದು ಪರಿಗಣಿಸಲಾಗುತ್ತದೆ. ಬೆಟ್ಟದ ದಾರಿಯನ್ನು ಸಾಮಾನ್ಯ ಸವಾರನೂ ಏರುವಂತಾಗಲು ಸೈಕಲ್ಲಿಗೆ ಒಂದಕ್ಕಿಂತ ಹೆಚ್ಚು ಗಿಯರ್ ಇರಬೇಕೆಂಬುದು ಇವರು ಜೀವಮಾನವಿಡೀ ನಡೆಸಿದ ವಾದ.

ಆರಂಭಿಕ ಜೀವನ

ಪಾಲ್ ದ ವಿವಿ ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಪ್ರಾಂತ್ಯದ ಪೆರ್ನ್ ಎಂಬ ಸಣ್ಣ ಪಟ್ಟಣದಲ್ಲಿ ಜನಿಸಿದರು. ವಾಂಟೂ ಪರ್ವತಕ್ಕೆ ಸಮೀಪದಲ್ಲಿರುವ ಈ ಊರಿಗೆ ಈಗ ಪೆರ್ನ್-ಲೆ-ಫೊಂತೆನ್ ಎಂಬ ಹೆಸರಿದೆ. ಅನುಕೂಲಸ್ಥ ಕುಟುಂಬದಲ್ಲಿ ಬೆಳೆದ ಅವರು ಪ್ರಾಚೀನ ಗ್ರೀಕ್ ಮತ್ತು ಲ್ಯಾಟಿನ್ ಸಾಹಿತ್ಯವನ್ನು ಅಭ್ಯಾಸ ಮಾಡಿ, ಅನಂತರ ರೇಷ್ಮೆ ಉದ್ಯಮವನ್ನು ಪ್ರವೇಶಿಸಿದರು. ಮೂವತ್ತು ವರ್ಷ ತುಂಬುವ ಮೊದಲೇ ಸ್ವಂತ ವ್ಯಾಪಾರವನ್ನು ಹೊಂದಿದ್ದರು. ಅವರು ನೆಲೆಸಿದ ಸೇಂಟ್ ಎಟಿಯೆನ್ ನಗರವು ಆಗ ಕಲ್ಲಿದ್ದಲು, ಬಂದೂಕು ತಯಾರಿಕೆ ಮತ್ತು ರೇಷ್ಮೆಯ ಪಟ್ಟಿಗಳ ನೇಯ್ಗೆಗೆ ಹೆಸರಾಗಿತ್ತು. ಬಂದೂಕಿನ ಕೊಳವೆಗಳನ್ನು ತಯಾರಿಸಿ ಪಳಗಿದ ಕುಶಲಕರ್ಮಿಗಳ ಈ ಊರು ಮುಂದೆ ಫ್ರಾನ್ಸಿನ ಸೈಕಲ್ ಉದ್ಯಮದ ಕೇಂದ್ರವೂ ಆಯಿತು.

1881ರಲ್ಲಿ, ತಮ್ಮ ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ಅವರು ಎತ್ತರದ ಮುಂಗಾಲಿಯುಳ್ಳ ಆ ಕಾಲದ ಸೈಕಲ್ಲೊಂದನ್ನು ಕೊಂಡರು. ನೂರು ಕಿಲೋಮೀಟರುಗಳನ್ನು ಆರು ಗಂಟೆಗಳಲ್ಲಿ ಕ್ರಮಿಸುವಂತೆ ಸ್ನೇಹಿತರೊಬ್ಬರು ಹಾಕಿದ ಪಂಥವನ್ನು ಸ್ವೀಕರಿಸಿ, ಶೇಸ್-ದ್ಯೂ ಎಂಬ ಮಲೆನಾಡಿನ ಊರಿಗೆ ಸವಾರಿ ಹೋದುದೇ ಅವರ ಮೊದಲ ದೂರ ಪ್ರಯಾಣವೆಂದು ಹೇಳಲಾಗಿದೆ. 1887ರಲ್ಲಿ ರೇಷ್ಮೆ ವ್ಯಾಪಾರವನ್ನು ಮಾರಿ ಸೈಕಲ್ ಅಂಗಡಿಯನ್ನು ತೆರೆದರು. ಇಂಗ್ಲೆಂಡಿನ ಕೊವೆಂಟ್ರಿಯಿಂದ ಸೈಕಲ್ಲುಗಳನ್ನು ತರಿಸಿ ಮಾರುತ್ತಿದ್ದ ಅವರು ಸ್ವಲ್ಪ ಕಾಲದಲ್ಲಿಯೇ ಲಾ ಗೋಲ್ವಾಜ್ ಎಂಬ ಹೆಸರಿನಲ್ಲಿ ತಮ್ಮದೇ ಸೈಕಲ್ಲುಗಳ ತಯಾರಿಕೆಯನ್ನೂ ಆರಂಭಿಸಿದರು.

ಅಂಗಡಿಯೊಂದಿಗೇ, ಅದೇ ವರ್ಷ, ಪತ್ರಿಕೆಯೊಂದು ಹುಟ್ಟಿತು. ಮೊದಲು ಸ್ಥಳೀಯ ಹೆಸರಿನಲ್ಲಿ ಹೊರಟು ಮರುವರ್ಷದಿಂದ ಲ ಸೈಕ್ಲಿಸ್ತ್ ಎಂದಾದ ಈ ಪತ್ರಿಕೆಯ ಪುಟಗಳಲ್ಲಿ ವೆಲೋಸಿಯೊ ತಾವು ಸಂಚರಿಸಿದ ದಾರಿಗಳು, ಏರಿದ ಘಾಟಿಗಳು, ಕೆಟ್ಟ ಬಿಡಿಭಾಗಗಳು, ತಿಂದ ಆಹಾರ ಎಲ್ಲವನ್ನೂ ದಾಖಲಿಸಿದರು. ಅಂಗಡಿಯ ಮಾಲೀಕರೇ ಪತ್ರಿಕೆಯ ಸಂಪಾದಕರಾಗಿದ್ದರೂ ಅದು ಮಾರಾಟದ ಪ್ರಚಾರಪತ್ರವಾಗಲಿಲ್ಲ. ಓದುಗರು ತಮ್ಮ ಪ್ರಯೋಗಗಳನ್ನು ಬರೆದು ಕಳುಹಿಸುತ್ತಿದ್ದರು ಮತ್ತು ಸಂಪಾದಕರೊಂದಿಗೆ ವಾದಿಸುತ್ತಿದ್ದರು.

ಘಾಟಿಯ ಏರು ಮತ್ತು ಗಿಯರ್‌ಗಳ ಪ್ರಶ್ನೆ

ಸೇಂಟ್ ಎಟಿಯೆನ್‌ನಿಂದ ದಕ್ಷಿಣಕ್ಕೆ ಹೊರಟವರು ಪಿಲಾ ಬೆಟ್ಟಸಾಲಿನ ರಿಪಬ್ಲಿಕ್ ಘಾಟಿಯನ್ನು ದಾಟಬೇಕು. ಸಮುದ್ರಮಟ್ಟದಿಂದ 1,161 ಮೀಟರ್ ಎತ್ತರದ ಈ ಘಾಟಿಗೆ ಗ್ರಾಂ ಬ್ವಾ, ಅಂದರೆ ದೊಡ್ಡ ಕಾಡು, ಎಂಬ ಹೆಸರೂ ಉಂಟು. ಕನ್ನಡದ ಓದುಗರಿಗೆ ಇದರ ಅಂದಾಜು ಸಿಗಬೇಕಾದರೆ ತುಮಕೂರು ಸಮೀಪದ ದೇವರಾಯನದುರ್ಗವನ್ನು ನೆನೆಯಬಹುದು. ಎರಡರ ನೆತ್ತಿಗಳೂ ಹೆಚ್ಚುಕಡಿಮೆ ಒಂದೇ ಎತ್ತರದವು. ದೇವರಾಯನದುರ್ಗ ಸುಮಾರು 1,200 ಮೀಟರ್. ಆದರೆ ತುಮಕೂರು ನಗರವೇ 800 ಮೀಟರಿಗಿಂತ ಎತ್ತರದಲ್ಲಿರುವುದರಿಂದ ಅಲ್ಲಿ ಏರಬೇಕಾದ ಎತ್ತರ ಕಡಿಮೆ. ಸೇಂಟ್ ಎಟಿಯೆನ್‌ನ ಸವಾರನಿಗೆ 600 ಮೀಟರಿಗೂ ಮಿಕ್ಕಿದ ಏರು ಎದುರಾಗುತ್ತದೆ. ಇನ್ನೊಂದು ಹೋಲಿಕೆಯೂ ಇದೆ. ಪಿಲಾ ಸಾಲು ಲ್ವಾರ್ ಮತ್ತು ರೋನ್ ನದಿಗಳ ನೀರನ್ನು ಬೇರ್ಪಡಿಸುವಂತೆ, ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಜಯಮಂಗಲಿಯು ಉತ್ತರ ಪಿನಾಕಿನಿಯನ್ನೂ ಶಿಂಷಾ ಕಾವೇರಿಯನ್ನೂ ಸೇರುತ್ತವೆ.

ಒಂದೇ ಗಿಯರಿನ ಸೈಕಲ್ಲಿನಲ್ಲಿ ವೆಲೋಸಿಯೊ ಈ ಘಾಟಿಯನ್ನು ಪ್ರಯಾಸದಿಂದ ಏರುತ್ತಿದ್ದಾಗ, ಅವರ ಪತ್ರಿಕೆಯ ಓದುಗನೊಬ್ಬ ಪೈಪು ಸೇದುತ್ತ ನಿರಾಯಾಸವಾಗಿ ಅವರನ್ನು ಹಿಂದಿಕ್ಕಿದನೆಂಬ ಕಥೆ ಪ್ರಚಲಿತದಲ್ಲಿದೆ. ಆ ಓದುಗನ ಸೈಕಲ್ಲಿನ ಗಿಯರ್ ಅನುಪಾತ ಕಡಿಮೆಯಿತ್ತು. ಆದರೆ ಏರಿಗೆ ಒಪ್ಪುವ ಗಿಯರ್ ಸಮತಟ್ಟಿನಲ್ಲಿ ಕಾಲಿಗೆ ಬರಿಯ ತಿರುಗಾಟವನ್ನು ಕೊಡುತ್ತದೆ. ಸಮತಟ್ಟಿಗೆ ಒಪ್ಪುವುದು ಏರಿನಲ್ಲಿ ಸವಾರನನ್ನು ಇಳಿದು ನೂಕುವಂತೆ ಮಾಡುತ್ತದೆ. ಒಂದೇ ಸೈಕಲ್ಲಿನಲ್ಲಿ ಎರಡನ್ನೂ ಇರಿಸುವುದು ಹೇಗೆಂಬುದು ವೆಲೋಸಿಯೊ ಅವರನ್ನು ಮುಂದೆ ಹಲವು ದಶಕ ಕಾಡಿದ ಪ್ರಶ್ನೆ.

ಅವರು ಪರೀಕ್ಷಿಸದ ಉಪಾಯಗಳೇ ಕಡಿಮೆ. ಮುಂದಿನ ಹಲ್ಲುಗಾಲಿಗಳನ್ನು ಎರಡಾಗಿಸಿ ಸರಪಳಿಯನ್ನು ಕೈಯಿಂದಲೇ ಬದಲಿಸುವುದು ಒಂದು. ಸೈಕಲ್ಲಿನ ಎಡಕ್ಕೊಂದು, ಬಲಕ್ಕೊಂದು ಸರಪಳಿ ಹಾಕಿ, ಎರಡು ಬೇರೆಬೇರೆ ಅನುಪಾತಗಳನ್ನು ಪಡೆಯುವುದು ಇನ್ನೊಂದು. ಸೇಂಟ್ ಎಟಿಯೆನ್‌ನಲ್ಲಿಯೇ ತಯಾರಾಗುತ್ತಿದ್ದ ಮತ್ತೊಂದು ಬಗೆಯ ಸೈಕಲ್ಲಿನಲ್ಲಿ ಪೆಡಲನ್ನು ಹಿಂದಕ್ಕೆ ತುಳಿದರೆ ಏರಿಗೆ ಅನುಕೂಲವಾದ ಗಿಯರ್ ದೊರೆಯುತ್ತಿತ್ತು. ನೋಡುವವರಿಗೆ ವಿಚಿತ್ರವಾಗಿ ಕಂಡರೂ ಅದು ಕೆಲಸ ಮಾಡುತ್ತಿತ್ತು. ಸರಪಳಿಯನ್ನು ಒಂದು ಹಲ್ಲುಗಾಲಿಯಿಂದ ಪಕ್ಕದ ಹಲ್ಲುಗಾಲಿಗೆ ಸರಿಸುವ ಡಿರೇಲರ್ ಸಾಧನವನ್ನು ವೆಲೋಸಿಯೊ ಅವರೇ ಕಂಡುಹಿಡಿದರೆಂದು ಹಲವೆಡೆ ಬರೆಯಲಾಗಿದ್ದರೂ ಆ ಹೇಳಿಕೆ ಪೂರ್ಣವಾಗಿ ಸರಿಯಲ್ಲ. ಇಂಗ್ಲೆಂಡಿನಲ್ಲಿಯೂ ಫ್ರಾನ್ಸಿನಲ್ಲಿಯೂ ಅನೇಕರು ಈ ದಿಸೆಯಲ್ಲಿ ದುಡಿದಿದ್ದರು. ಲ ಶೆಮಿನೋ ಎಂಬ ಹೆಸರಾಂತ ಡಿರೇಲರನ್ನು ರೂಪಿಸಿದವರು ಅದೇ ನಗರದ ಜೊಆನಿ ಪಾನೆಲ್. ಇಂಥ ಸಾಧನಗಳನ್ನು ತಾವೇ ಘಾಟಿಗಳಲ್ಲಿ ಪರೀಕ್ಷಿಸಿ, ಗುಣದೋಷಗಳನ್ನು ಮುಚ್ಚುಮರೆಯಿಲ್ಲದೆ ಪ್ರಕಟಿಸಿ, ಅವುಗಳಿಗೆ ಒಂದು ಓದುಗವರ್ಗವನ್ನು ಸೃಷ್ಟಿಸಿದ್ದು ವೆಲೋಸಿಯೊ ಅವರ ನಿಜವಾದ ಕೊಡುಗೆ. ಅಗಲವಾದ, ಮೆದುವಾದ ಟಯರುಗಳ ಪರವಾಗಿಯೂ ಅವರು ಬರೆದರು. ಡಾಂಬರು ಕಾಣದ ಆಗಿನ ಹಳ್ಳಿಯ ದಾರಿಗಳಲ್ಲಿ ಅದು ಗಿಯರಿನಷ್ಟೇ ಮುಖ್ಯವಾಗಿತ್ತು.

ಪಂದ್ಯದ ವಲಯವು ಇದನ್ನು ಸುಲಭವಾಗಿ ಒಪ್ಪಲಿಲ್ಲ. 1902ರಲ್ಲಿ ಫ್ರಾನ್ಸಿನ ಟೂರಿಂಗ್ ಕ್ಲಬ್ ಪರ್ವತಮಾರ್ಗದಲ್ಲಿ ನಡೆಸಿದ ಪರೀಕ್ಷಾ ಸವಾರಿಯಲ್ಲಿ ಮಾರ್ಥ್ ಹೆಸ್ ಎಂಬ ಮಹಿಳೆ ಬಹುಗಿಯರಿನ ಗೋಲ್ವಾಜ್ ಸೈಕಲ್ಲಿನ ಸಾಮರ್ಥ್ಯವನ್ನು ಎಲ್ಲರ ಕಣ್ಣೆದುರು ತೋರಿಸಿದರು. ಮರುವರ್ಷ ಟೂರ್ ದ ಫ್ರಾನ್ಸ್ ಪಂದ್ಯವನ್ನು ಆರಂಭಿಸಿದ ಪತ್ರಕರ್ತ ಆನ್ರಿ ದೆಗ್ರಾಂಜ್ ಇದಕ್ಕೆ ಮಣಿಯಲಿಲ್ಲ. ಬದಲಾಗುವ ಗಿಯರ್‌ಗಳು ನಲವತ್ತೈದು ದಾಟಿದವರಿಗೆ ತಕ್ಕವು, ಗೆಲುವು ಯಂತ್ರದಿಂದಲ್ಲ ಸ್ನಾಯುಬಲದಿಂದ ಬರಬೇಕು ಎಂಬುದು ಅವರ ನಿಲುವು. 1903ರ ಮೊದಲ ಟೂರ್ ಪಂದ್ಯ ಸಾಗಿದ್ದು ವೆಲೋಸಿಯೊ ಅವರ ರಿಪಬ್ಲಿಕ್ ಘಾಟಿಯ ಮೇಲೆಯೇ. ಆ ಪಂದ್ಯದಲ್ಲಿ ಡಿರೇಲರ್ ಬಳಕೆಗೆ ಅನುಮತಿ ದೊರೆತದ್ದು ಮಾತ್ರ 1937ರಲ್ಲಿ, ವೆಲೋಸಿಯೊ ನಿಧನರಾಗಿ ಏಳು ವರ್ಷಗಳ ನಂತರ.

ಪ್ರವಾಸದ ವಿಧಾನ

ವೆಲೋಸಿಯೊ ಅವರ ಪ್ರವಾಸಗಳು ವಿರಾಮದ ವಿಹಾರಗಳಾಗಿರಲಿಲ್ಲ. ರಾತ್ರಿ ಹೊರಟು, ರೋನ್ ಕಣಿವೆಯಲ್ಲಿ ಇಳಿದು, ಬೆಳಗಿನ ಹೊತ್ತಿಗೆ ಪ್ರೊವಾನ್ಸಿನ ಆಲಿವ್ ತೋಟಗಳ ನಡುವೆ ಇರುವಂತೆ ಅವರು ಯೋಜಿಸುತ್ತಿದ್ದರು. ಈಸ್ಟರ್ ಹಬ್ಬದ ಸಮಯದ ಇಂಥ ಸವಾರಿ ವಾರ್ಷಿಕ ಪದ್ಧತಿಯೇ ಆಯಿತು. ಅವರೊಂದಿಗೆ ಹೋಗುತ್ತಿದ್ದ ಸ್ನೇಹಿತರ ಗುಂಪನ್ನು ಸೇಂಟ್ ಎಟಿಯೆನ್ ಪಂಥವೆಂದು ಕರೆಯುವ ರೂಢಿ ಬಂತು.

ಸಸ್ಯಾಹಾರಿಯಾಗಿದ್ದ ಅವರು ಎಸ್ಪೆರಾಂತೊ ಭಾಷೆಯ ಅಭಿಮಾನಿಯೂ ಆಗಿದ್ದರು. ಸವಾರರಿಗೆ ಅವರು ವಿಧಿಸಿದ ಏಳು ನಿಯಮಗಳು ಇಂದಿಗೂ ಪ್ರಸಿದ್ಧವಾಗಿವೆ. ನಿಲುಗಡೆಗಳು ಕಡಿಮೆಯಿರಬೇಕು, ಹಸಿವಾಗುವ ಮೊದಲೇ ಅಲ್ಪಾಹಾರ ಸೇವಿಸಬೇಕು, ಬಾಯಾರುವ ಮೊದಲೇ ನೀರು ಕುಡಿಯಬೇಕು, ಊಟ ನಿದ್ರೆಗಳು ಬೇಡವೆನಿಸುವಷ್ಟು ದಣಿಯಬಾರದು ಎಂಬ ಸೂಚನೆಗಳು ಇವುಗಳಲ್ಲಿ ಸೇರಿವೆ. ಚಳಿ ಹತ್ತುವ ಮುನ್ನ ಬಟ್ಟೆ ಹೊದೆಯಬೇಕು, ಸವಾರಿಯಲ್ಲಿರುವಾಗಲಾದರೂ ಮದ್ಯ, ಮಾಂಸ, ತಂಬಾಕುಗಳನ್ನು ಬಿಡಬೇಕು, ಮೊದಲ ಗಂಟೆಗಳಲ್ಲಿ ಆತುರಪಡಬಾರದು. ಕೊನೆಯ ನಿಯಮವು ಪ್ರತಿಷ್ಠೆಗಾಗಿ ಪೆಡಲು ತುಳಿಯುವುದನ್ನು ನಿಷೇಧಿಸುತ್ತದೆ. ಎಪ್ಪತ್ತರ ವಯಸ್ಸಿನ ನಂತರವೂ ಸವಾರಿ ಮುಂದುವರಿಸಿದ ವ್ಯಕ್ತಿಯ ಅನುಭವದಿಂದ ಬಂದ ಮಾತುಗಳೆಂಬುದೇ ಇವುಗಳ ತೂಕ.

ನಿಧನ

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಫ್ರಾನ್ಸಿನ ರಸ್ತೆಗಳಿಗೆ ಮೋಟಾರು ವಾಹನಗಳು ಬಂದವು. ವೆಲೋಸಿಯೊ ಸವಾರಿ ಆರಂಭಿಸಿದಾಗ ದಾರಿಯಲ್ಲಿ ಎದುರಾಗುತ್ತಿದ್ದವು ಕುದುರೆಗಾಡಿ ಹಾಗೂ ಎತ್ತಿನ ಗಾಡಿಗಳು ಮಾತ್ರ. 27 ಫೆಬ್ರವರಿ 1930ರಂದು ಸೇಂಟ್ ಎಟಿಯೆನ್ ನಗರದಲ್ಲಿ ಅವರು ಸೈಕಲ್ಲಿನಿಂದ ಇಳಿದು, ಅದನ್ನು ನೂಕಿಕೊಂಡು ರಸ್ತೆ ದಾಟುತ್ತಿದ್ದರು. ವಾಹನವೊಂದನ್ನು ತಪ್ಪಿಸಿಕೊಳ್ಳಲು ಹಿಂದೆ ಸರಿದಾಗ ಟ್ರಾಮ್ ಬಡಿದು ಮೃತಪಟ್ಟರು. ಆಗ ಅವರಿಗೆ ಎಪ್ಪತ್ತಾರು ವರ್ಷ. ಅರ್ಧ ಶತಮಾನ ಕಾಲ ರಾತ್ರಿಯ ಘಾಟಿಗಳನ್ನೂ ಹಿಮದ ದಾರಿಗಳನ್ನೂ ಸುರಕ್ಷಿತವಾಗಿ ದಾಟಿದವರು ತಮ್ಮದೇ ಊರಿನ ಬೀದಿಯಲ್ಲಿ, ಕಾಲ್ನಡಿಗೆಯಲ್ಲಿದ್ದಾಗ, ಅಪಘಾತಕ್ಕೀಡಾದರು.

ಸ್ಮರಣೆ ಮತ್ತು ಪ್ರಭಾವ

ವೆಲೋಸಿಯೊ ಹೆಸರಿನ ದಿನಾಚರಣೆ ಅವರು ಬದುಕಿರುವಾಗಲೇ, 1922ರಲ್ಲಿ, ಆರಂಭವಾಯಿತು. ಅಂದು ಸವಾರರು ಸೇಂಟ್ ಎಟಿಯೆನ್‌ನಿಂದ ರಿಪಬ್ಲಿಕ್ ಘಾಟಿಯನ್ನು ಏರುತ್ತಾರೆ. ಘಾಟಿಯಲ್ಲಿ ಅವರ ಸ್ಮಾರಕವಿದೆ. 1947ರಿಂದ ನಡೆಯುತ್ತಿರುವ ಫ್ಲೆಶ್ ವೆಲೋಸಿಯೊ ಎಂಬ ಇಪ್ಪತ್ನಾಲ್ಕು ಗಂಟೆಗಳ ತಂಡ ಸವಾರಿಯು ಅವರ ಈಸ್ಟರ್ ಪ್ರಯಾಣದ ಮುಂದುವರಿಕೆಯಾಗಿದೆ.

ಅವರಿಗೆ ಸಹಜವಾಗಿಯೇ ದೊರೆತಿದ್ದ ನಿಶ್ಶಬ್ದ ರಸ್ತೆಯನ್ನು ಇಂದು ಪ್ರತ್ಯೇಕವಾಗಿ ನಿರ್ಮಿಸಬೇಕಾಗಿದೆ. ಬರ್ಗಂಡಿಯ ಜಿವ್ರಿ ಮತ್ತು ಕ್ಲೂನಿ ನಡುವೆ ರೈಲು ನಿಂತುಹೋದ ಹಳೆಯ ಹಳಿದಾರಿಯ ಮೇಲೆ 1997ರಲ್ಲಿ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲದ ಹಸಿರುಹಾದಿಯನ್ನು ತೆರೆಯಲಾಯಿತು. 2004ರಲ್ಲಿ ಇಂಥ ಹಾದಿಗಳಿಗೆ ಫ್ರಾನ್ಸಿನ ಸಂಚಾರ ನಿಯಮಾವಳಿಯಲ್ಲಿ ಸ್ಥಾನ ದೊರೆಯಿತು. ವೆಲೋಸಿಯೊ ತಿರುಗಾಡಿದ ಸೀಮೆಯಲ್ಲಿಯೇ ಲ್ವಾರ್ ಮತ್ತು ರೋನ್ ಕಣಿವೆಗಳನ್ನು ಕೂಡಿಸುವ ವಿಯಾ ಫ್ಲೂವಿಯಾ ಹಾದಿಯೂ ಬಹುಪಾಲು ಹಳೆಯ ರೈಲುದಾರಿಯ ಮೇಲಿದೆ. ಹಿಂದೆ ರೈಲು ಓಡಿದ ದಾರಿಯಾದ್ದರಿಂದ ಏರುಗಳು ಸೌಮ್ಯವಾಗಿರುತ್ತವೆ. ಇಂಥಲ್ಲಿ ಹಲವು ಗಿಯರ್‌ಗಳ ಅಗತ್ಯವೂ ಹೆಚ್ಚಿಲ್ಲ.

ಕರ್ನಾಟಕದಲ್ಲಿ ಇಂಥ ಹಾದಿಗಳ ಜಾಲವಿಲ್ಲ. ದೂರ ಸವಾರಿಯ ಹವ್ಯಾಸಿಗಳು ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರ್ ದೂರದ ದೇವರಾಯನದುರ್ಗದಂಥ ಕಾಡುದಾರಿಗಳನ್ನು ಬೆಳಗಿನ ಜಾವದಲ್ಲಿ ಆಶ್ರಯಿಸುತ್ತಾರೆ. ನಾಮದ ಚಿಲುಮೆಯ ಅರಣ್ಯವನ್ನು ಹಾದು ಭೋಗ ನರಸಿಂಹ ದೇವಾಲಯದತ್ತ ಏರುವ ಅವರ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಡಿರೇಲರ್ ಇರುತ್ತದೆ. ರಾಜ್ಯ ಸರ್ಕಾರವು 2006-07ರಲ್ಲಿ ಆರಂಭಿಸಿದ ಯೋಜನೆಯಡಿ ಎಂಟನೆಯ ತರಗತಿಯ ಮಕ್ಕಳಿಗೆ ವಿತರಿಸಿದ ಸೈಕಲ್ಲುಗಳಿಗಾಗಲಿ, ಹಳ್ಳಿಗಳಲ್ಲಿ ಹಾಲಿನ ಕ್ಯಾನು ಮೇವುಗಳನ್ನು ಹೊರುವ ಕಪ್ಪು ಸೈಕಲ್ಲುಗಳಿಗಾಗಲಿ ಇರುವುದು ಒಂದೇ ಗಿಯರ್. ಅವುಗಳ ಸವಾರರು ಏರು ಬಂದಲ್ಲಿ ಇಳಿದು ನೂಕುತ್ತಾರೆ.