ಆತುರವನ್ನು ಗೆದ್ದ ಸಂತ

ಜನವರಿ ಬಂತೆಂದರೆ ಲಕ್ಕವಳ್ಳಿಯ ಆಸುಪಾಸಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ನಾಲೆಗೆ ನೀರು ಯಾವಾಗ ಬಿಡುತ್ತಾರೆ? ಮಳೆಗಾಲದಲ್ಲಿ ಭದ್ರಾ ಜಲಾಶಯ 186 ಅಡಿ ಮುಟ್ಟಿತೇ ಎಂದು ದಿನವೂ ವಿಚಾರಿಸುತ್ತಿದ್ದವರು ಈಗ ಬೇಸಿಗೆ ಬೆಳೆಯ ಚಿಂತೆಯಲ್ಲಿರುತ್ತಾರೆ. ಆಷಾಢ ಶ್ರಾವಣದ ನೀರನ್ನೆಲ್ಲ ಅಂದಂದೇ ಹರಿಯಬಿಟ್ಟಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಇದೇ ಜನವರಿಯ 16ರಂದು ಧರ್ಮಸಭೆ ಸ್ಮರಿಸುವ ಸಂತ ಜೋಸೆಫ್ ವಾಜರ ಬಾಳನ್ನು ಧ್ಯಾನಿಸುವಾಗಲೆಲ್ಲ ಅಣೆಕಟ್ಟಿನ ಹಿಂದೆ ನಿಂತ ಆ ನೀರು ನನ್ನ ಕಣ್ಣಮುಂದೆ ಬರುತ್ತದೆ.

ಸಂತ ವಾಜರು ನಮಗೆ ಪರಕೀಯರಲ್ಲ. ಘಟ್ಟ ಹತ್ತಿ ಬಂದು ಮಲೆನಾಡಿನಲ್ಲಿ ನೆಲೆಸಿದ ನಮ್ಮ ಅನೇಕ ಕ್ರೈಸ್ತ ಕುಟುಂಬಗಳ ಮೂಲ ಇರುವುದು ಕೆನರಾ ಕರಾವಳಿಯಲ್ಲಿ. ಆ ಕರಾವಳಿಯ ಮಂಗಳೂರು, ಬಸರೂರು, ಕುಂದಾಪುರ, ಗಂಗೊಳ್ಳಿಗಳಲ್ಲಿ ಬರಿಗಾಲಲ್ಲಿ ನಡೆದು ಸೇವೆ ಸಲ್ಲಿಸಿದ ಗುರು ಅವರು. ಮಂಗಳೂರಿನ ಸಮೀಪದ ಮುಡಿಪು ಬೆಟ್ಟದಲ್ಲಿರುವ ಅವರ ಪುಣ್ಯಕ್ಷೇತ್ರಕ್ಕೆ ಇಂದಿಗೂ ಭಕ್ತರು ಹೋಗುತ್ತಾರೆ.

ಅವರು 1651ರ ಏಪ್ರಿಲ್ 21ರಂದು ಗೋವಾದ ಬೆನೌಲಿಮ್‌ನಲ್ಲಿ ಜನಿಸಿದರು. 1676ರಲ್ಲಿ ಗುರುದೀಕ್ಷೆ ಪಡೆದರು. ಮರುವರ್ಷ ತಮ್ಮನ್ನು ಮಾತೆ ಮರಿಯಮ್ಮನವರ ದಾಸನೆಂದು ಲಿಖಿತವಾಗಿ ಅರ್ಪಿಸಿಕೊಂಡರು. ಆ ದಿನಗಳಲ್ಲಿ ಸಿಂಹಳದಿಂದ ದುಃಖದ ಸುದ್ದಿ ಬರುತ್ತಿತ್ತು. 1658ರಲ್ಲಿ ಜಾಫ್ನಾ ಡಚ್ಚರ ವಶವಾದ ಮೇಲೆ ಅಲ್ಲಿ ಕಥೋಲಿಕ ಗುರುಗಳಿಗೆ ಪ್ರವೇಶವಿರಲಿಲ್ಲ. ಬಲಿಪೂಜೆಯಿಲ್ಲದೆ, ಪಾಪನಿವೇದನೆಯಿಲ್ಲದೆ ಒಂದು ತಲೆಮಾರೇ ಬೆಳೆದುಬಿಟ್ಟಿತ್ತು. ಯುವ ಗುರು ವಾಜರು ತಮ್ಮನ್ನು ಅಲ್ಲಿಗೆ ಕಳುಹಿಸಬೇಕೆಂದು ಬೇಡಿಕೊಂಡರು. ಆದರೆ ಹಿರಿಯರು 1681ರಲ್ಲಿ ಅವರನ್ನು ಕಳುಹಿಸಿದ್ದು ಕೆನರಾಕ್ಕೆ.

ಹೃದಯವೊಂದು ಕಡೆ, ಆಜ್ಞೆಯೊಂದು ಕಡೆ. ಅಂಥ ವೇಳೆ ಗೊಣಗುತ್ತ ಕೆಲಸ ಮಾಡುವವರನ್ನು ನಾವೆಲ್ಲ ಕಂಡಿದ್ದೇವೆ, ಗುರುಗಳಲ್ಲಿಯೂ ಅಂಥವರಿದ್ದಾರೆ. ವಾಜರಿಗೆ ಕೆನರಾದಲ್ಲಿ ಎದುರಾದದ್ದಂತೂ ಸುಲಭದ ಕೆಲಸವಲ್ಲ. ಪೋರ್ಚುಗಲ್ ದೊರೆಯ ಹಕ್ಕಿನ ಆಧಾರದ ಮೇಲೆ ಗೋವಾದ ಮಹಾಧರ್ಮಾಧ್ಯಕ್ಷರು ಆ ಪ್ರಾಂತ್ಯ ತಮ್ಮದೆನ್ನುತ್ತಿದ್ದರು. ರೋಮಿನಿಂದ ನೇಮಕಗೊಂಡಿದ್ದ ಧರ್ಮಾಧ್ಯಕ್ಷ ತೋಮಸ್ ದ ಕಾಸ್ತ್ರೊ ಅವರು ಅಧಿಕಾರ ತಮ್ಮದೆನ್ನುತ್ತಿದ್ದರು. ಅವರೂ ಗೋವಾ ಮೂಲದವರೇ. ಈ ತಿಕ್ಕಾಟದಲ್ಲಿ ನಲುಗಿದವರು ಸಾಮಾನ್ಯ ಭಕ್ತರು. ಯಾವ ಗುರುವಿನ ಬಳಿ ಮಾಡಿದ ಪಾಪನಿವೇದನೆ ಸಿಂಧು, ಯಾರು ನೆರವೇರಿಸಿದ ಮದುವೆ ಸಿಂಧು ಎಂಬ ಸಂಶಯ ಮನೆಮನೆಯ ಒಳಗೆ ಹೊಕ್ಕಿತ್ತು.

ಗೋವಾದ ಪ್ರತಿನಿಧಿಯಾಗಿ ಬಂದವರು ಎದುರು ಪಕ್ಷವನ್ನು ಒಂದೇ ಏಟಿಗೆ ಖಂಡಿಸಿದ್ದರೆ ಕಳುಹಿಸಿದವರ ಮೆಚ್ಚುಗೆ ಗಳಿಸಬಹುದಿತ್ತು. ವಾಜರು ಹಾಗೆ ಮಾಡಲಿಲ್ಲ. ಧರ್ಮಾಧ್ಯಕ್ಷರನ್ನು ಗೌರವದಿಂದ ಕಂಡು ಮಾತುಕತೆ ನಡೆಸಿದರು. ಕೊನೆಗೆ, ರೋಮಿನ ತೀರ್ಪು ಬರುವವರೆಗೆ ವಾಜರು ತಮ್ಮ ಅಧಿಕಾರವನ್ನೂ ಪಡೆದು ಸೇವೆ ನಡೆಸಲೆಂದು ಧರ್ಮಾಧ್ಯಕ್ಷರು ಒಪ್ಪಿದರು. ವಿವಾದ ಬಗೆಹರಿಯಲಿಲ್ಲ, ನಿಜ. ಆದರೆ ಭಕ್ತರ ಮನಸ್ಸಿಗೆ ನೆಮ್ಮದಿ ದೊರೆಯಿತು. ವಾಜರು ಮಕ್ಕಳಿಗೆ ಶಾಲೆಗಳನ್ನು ತೆರೆದರು, ದೇವಾಲಯಗಳನ್ನು ಎತ್ತಿ ನಿಲ್ಲಿಸಿದರು.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕು. ಬಹಳ ಹಿಂದೆ ನಾನಿದ್ದ ಒಂದು ಧರ್ಮಕೇಂದ್ರದಲ್ಲಿ ಅಣ್ಣತಮ್ಮಂದಿರಿಬ್ಬರು ಅಡಿಕೆ ತೋಟದ ಬೇಲಿಯ ವಿಷಯಕ್ಕೆ ಮಾತು ಬಿಟ್ಟಿದ್ದರು. ತಪಸ್ಸುಕಾಲ ಮುಗಿಯುವುದರೊಳಗೆ ಅವರನ್ನು ಒಂದುಗೂಡಿಸಬೇಕೆಂಬ ಹಟ ನನಗೆ. ಒಂದೇ ಸಂಜೆಯಲ್ಲಿ ಇಬ್ಬರನ್ನೂ ಕೂರಿಸಿ, ಕೈಕುಲುಕಿಸಿ, ಕಾಗದಕ್ಕೆ ಸಹಿ ಹಾಕಿಸಿದೆ. ಪಾಸ್ಕ ಹಬ್ಬದಂದು ಒಂದೇ ಪೀಠದಲ್ಲಿ ಕುಳಿತವರು ಮುಂದಿನ ಮಳೆಗಾಲಕ್ಕೆ ನ್ಯಾಯಾಲಯದಲ್ಲಿದ್ದರು. ತಮ್ಮನ ಮನಸ್ಸಿನಲ್ಲಿದ್ದುದು ಬೇಲಿಯಲ್ಲ, ತಾಯಿಯ ಕೊನೆಗಾಲದಲ್ಲಿ ಅಣ್ಣ ಆಡಿದ ಒಂದು ಮಾತು. ಅದನ್ನು ಕೇಳುವಷ್ಟು ವ್ಯವಧಾನ ಅಂದು ನನಗಿರಲಿಲ್ಲ.

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುವಾಗ ಸಂತ ಥಾಮಸ್ ಅಕ್ವಿನಾಸರ ಒಂದು ವಿಚಾರ ನನ್ನನ್ನು ಅಚ್ಚರಿಗೊಳಿಸಿತ್ತು. ಅವರು ತಾಳ್ಮೆಯನ್ನು ಧೈರ್ಯದ ಸಾಲಿಗೆ ಸೇರಿಸುತ್ತಾರೆ. ದುಡುಕನ್ನು ವಿವೇಕಕ್ಕೆ ವಿರುದ್ಧವಾದ ದೋಷವೆಂದು ಎಣಿಸುತ್ತಾರೆ. ಎತ್ತರದಿಂದ ಇಳಿಯುವವನು ಒಂದೊಂದೇ ಮೆಟ್ಟಿಲು ಇಳಿಯಬೇಕು. ಹಿಂದಿನದರ ನೆನಪು, ಇಂದಿನದರ ಅರಿವು, ಹಿರಿಯರ ಸಲಹೆಗೆ ಕಿವಿಗೊಡುವುದು ಇವೇ ಆ ಮೆಟ್ಟಿಲುಗಳು. ಇವನ್ನು ಬಿಟ್ಟು ಹಾರಿದವನು ಕೆಳಗೆ ಬೀಳುತ್ತಾನೆ ಎಂಬುದು ಅವರ ವಿವರಣೆ. ಪರೀಕ್ಷೆಗಾಗಿ ಇದನ್ನು ಬಾಯಿಪಾಠ ಮಾಡಿದ್ದೆ. ಅರ್ಥವಾದದ್ದು ಆ ಅಣ್ಣತಮ್ಮಂದಿರಿಂದ.

ವಾಜರು 1684ರಲ್ಲಿ ಗೋವಾಕ್ಕೆ ಮರಳಿದರು. ಆಗಲೂ ಸಿಂಹಳಕ್ಕೆ ಓಡಲಿಲ್ಲ. 1685ರಲ್ಲಿ ಹಳೇ ಗೋವಾದಲ್ಲಿ ಒಟ್ಟಾಗಿ ಬಾಳಲಾರಂಭಿಸಿದ್ದ ಕೆಲವು ದೇಶೀಯ ಗುರುಗಳ ಜೊತೆ ಸೇರಿದರು. ಸಂತ ಫಿಲಿಪ್ ನೇರಿಯವರ ಒರಟೋರಿಯನ್ ಸಭೆಯ ಮಾದರಿಯಲ್ಲಿ ಆ ಗುಂಪು ರೂಪುಗೊಂಡಿತು. ಈ ವಿಳಂಬ ವ್ಯರ್ಥವಾಗಲಿಲ್ಲವೆಂಬುದು ತಿಳಿದದ್ದು ಬಹಳ ವರ್ಷಗಳ ಅನಂತರ. ಮುಂದೆ ಸಿಂಹಳಕ್ಕೆ ಒಬ್ಬರ ಹಿಂದೊಬ್ಬರಾಗಿ ಗುರುಗಳು ಬಂದದ್ದು ಈ ಸಭೆಯಿಂದಲೇ. 1681ರಲ್ಲೇ ಅವರು ಒಂಟಿಯಾಗಿ ಹೊರಟಿದ್ದರೆ ಅವರ ಉಸಿರಿನೊಡನೆ ಆ ಸೇವೆಯೂ ನಿಂತುಹೋಗುತ್ತಿತ್ತೇನೋ.

1686ರಲ್ಲಿ ಅಪ್ಪಣೆ ದೊರೆಯಿತು. ಸೇವಕ ಜಾನ್‌ನೊಡನೆ ತೂತುಕುಡಿಯ ಮೂಲಕ 1687ರಲ್ಲಿ ಬಡ ಕೂಲಿಯಾಳಿನ ವೇಷದಲ್ಲಿ ಜಾಫ್ನಾ ಸೇರಿದರು. ಪ್ರಯಾಣದ ಬಳಲಿಕೆಯಿಂದ ರಕ್ತಭೇದಿಗೆ ತುತ್ತಾಗಿ ಸಾವಿನ ಅಂಚಿಗೆ ಹೋಗಿ ಬಂದರು. ಚೇತರಿಸಿಕೊಂಡ ಮೇಲಾದರೂ ತಾನು ಗುರು ಎಂದು ಹೇಳುವಂತಿರಲಿಲ್ಲ. ಒಂದು ಅವಸರದ ಮಾತು ಸಾಕಿತ್ತು, ತಾವಷ್ಟೇ ಅಲ್ಲ, ಆಶ್ರಯ ಕೊಟ್ಟ ಮನೆಯವರೂ ಸೆರೆ ಸೇರುತ್ತಿದ್ದರು. ಹಾಗೆಂದು ಕಾಯುವುದು ನೋವಿಲ್ಲದ ಕೆಲಸವಾಗಿರಲಿಲ್ಲ. ಕಾದ ಒಂದೊಂದು ದಿನವೂ ಯಾವುದೋ ಗುಡಿಸಿಲಿನಲ್ಲಿ ಯಾರೋ ಒಬ್ಬರು ಅಂತ್ಯಸಂಸ್ಕಾರವಿಲ್ಲದೆ ಕಣ್ಣು ಮುಚ್ಚುತ್ತಿದ್ದಿರಬಹುದು. ಅದನ್ನು ಬಲ್ಲ ಗುರುವಿಗೆ ಬಾಯಿ ಬಿಗಿಹಿಡಿದು ಬೀದಿಯಲ್ಲಿ ಬೇಡುವುದು ಎಂಥ ಶಿಲುಬೆ!

ಅವರು ಕೊರಳಿಗೆ ಜಪಸರ ಹಾಕಿಕೊಂಡು ಮನೆಯಿಂದ ಮನೆಗೆ ಭಿಕ್ಷೆಗೆ ಹೋದರು. ಅದನ್ನು ಕಂಡಾಗ ಯಾರ ಮುಖದಲ್ಲಿ ಯಾವ ಭಾವ ಮೂಡುತ್ತದೆಂದು ಗಮನಿಸಿದರು. ಹೀಗೆ ನಂಬಿಗಸ್ತರನ್ನು ಗುರುತಿಸಿ, ಮೆಲ್ಲಗೆ ಪರಿಚಯ ಬೆಳೆಸಿ, ಕಟ್ಟಕಡೆಗೆ ತಾವಾರೆಂದು ತಿಳಿಸಿದರು. ಅನಂತರ ಸಿಲ್ಲಾಲೈ ಎಂಬ ಹಳ್ಳಿ ಅವರಿಗೆ ನೆಲೆ ಕೊಟ್ಟಿತು. ಇಷ್ಟು ಎಚ್ಚರಿಕೆಯ ಮೇಲೂ ಒಂದು ಕ್ರಿಸ್‌ಮಸ್ ರಾತ್ರಿ ಡಚ್ ಸೈನಿಕರು ನೆರೆದಿದ್ದ ಭಕ್ತರ ಮೇಲೆ ಎರಗಿ ಅನೇಕರನ್ನು ಬಂಧಿಸಿದರು. ವಾಜರು ತಪ್ಪಿಸಿಕೊಂಡರು. ತಾಳ್ಮೆ ಎಲ್ಲ ಕಷ್ಟವನ್ನೂ ತಪ್ಪಿಸುತ್ತದೆಂದು ನಾನು ಹೇಳಲಾರೆ.

1692ರಲ್ಲಿ ಕ್ಯಾಂಡಿ ಪ್ರವೇಶಿಸಿದಾಗ ಪೋರ್ಚುಗೀಸರ ಗೂಢಚಾರನೆಂಬ ಆರೋಪದ ಮೇಲೆ ದೊರೆ ಎರಡನೆಯ ವಿಮಲಧರ್ಮಸೂರಿಯ ಅವರನ್ನು ಸೆರೆಯಲ್ಲಿಟ್ಟನು. ಸೆರೆಯಲ್ಲಿ ಕುಳಿತು ಅವರು ಸಿಂಹಳೀ ಭಾಷೆ ಕಲಿತರು. ಕಾವಲು ಸಡಿಲವಾದಂತೆ ಅಲ್ಲೇ ಗುಡಿಸಿಲಿನಂಥ ಪ್ರಾರ್ಥನಾ ಮಂದಿರ ಕಟ್ಟಿಕೊಂಡರು. ಬರಗಾಲದಲ್ಲಿ ಅವರ ಪ್ರಾರ್ಥನೆಯಿಂದ ಮಳೆ ಸುರಿಯಿತೆಂದೂ ಅದರಿಂದ ದೊರೆಯ ಮನಸ್ಸು ತಿರುಗಿತೆಂದೂ ಪರಂಪರೆ ಹೇಳುತ್ತದೆ. ಬೌದ್ಧನಾಗಿದ್ದ ದೊರೆ ಅವರಿಗೆ ಸಂಚರಿಸುವ ಸ್ವಾತಂತ್ರ್ಯ ಕೊಟ್ಟನು.

ಕಾಯುವುದೇ ಅವರ ಸ್ವಭಾವವಾಗಿತ್ತೆಂದು ತಿಳಿಯಬಾರದು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹರಡಿ, ಜನರು ತಮ್ಮವರನ್ನೇ ಬಿಟ್ಟು ಓಡಿದಾಗ ವಾಜರು ಒಂದು ಗಳಿಗೆಯೂ ತಡಮಾಡಲಿಲ್ಲ. ಗುರು ಜೋಸೆಫ್ ಕಾರ್ವಾಲೊ ಅವರೊಡನೆ ರೋಗಿಗಳನ್ನು ತೊಳೆದರು, ಉಣಿಸಿದರು, ಸತ್ತವರನ್ನು ಹೂಳಿದರು. ಕೆನರಾದಲ್ಲಿ ವರ್ಷಗಟ್ಟಲೆ ಕಾದ ಮನುಷ್ಯನೂ ಇವರೇ.

1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಅವರು ಪ್ರಭುವಿನಲ್ಲಿ ನಿದ್ರಿಸಿದರು. ಸಂತಪದವಿಗಾಗಿ ವಿಚಾರಣೆ ಕೆಲವೇ ವರ್ಷಗಳಲ್ಲಿ ಆರಂಭವಾಗಿ ನಡುವೆ ನಿಂತುಹೋಯಿತು. 1995ರ ಜನವರಿ 21ರಂದು ಜಗದ್ಗುರು ಎರಡನೇ ಜಾನ್ ಪೌಲರು ಕೊಲಂಬೊದಲ್ಲಿ ಅವರನ್ನು ಪುನೀತರೆಂದು ಸಾರಿದರು. ಅದೇ ನಗರದಲ್ಲಿ 2015ರ ಜನವರಿ 14ರಂದು ಜಗದ್ಗುರು ಫ್ರಾನ್ಸಿಸರು ಸಂತರೆಂದು ಘೋಷಿಸಿದರು. ಅಷ್ಟರಲ್ಲಿ ಅವರು ಗತಿಸಿ ಹೆಚ್ಚುಕಡಿಮೆ 304 ವರ್ಷಗಳಾಗಿದ್ದವು. ಕ್ಯಾಂಡಿಯಲ್ಲಿ ಅವರನ್ನು ಹೂಳಿದ ಜಾಗ ಯಾವುದೆಂದು ಗುರುತಿಸುವ ಕುರುಹೂ ಉಳಿದಿರಲಿಲ್ಲ.