ಕೊಳೆರೋಗದ ಬೆನ್ನು ಹತ್ತಿದ ಕೋಲ್ಮನ್

ಸಂಸೆ, ಕಳಸದ ಕಡೆಯವರಿಗೆ ಬೋರ್ಡೋ ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಹಿಡಿಯೋ ಮೊದಲು ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಆಮೇಲೆ ಮರ ಹತ್ತಿ ಗೊನೆಗೊನೆಗೂ ಹೊಡೀಬೇಕು. ಫ್ರಾನ್ಸಿನ ದ್ರಾಕ್ಷಿ ತೋಟದ ಈ ಮದ್ದನ್ನು ನಮ್ಮ ಅಡಿಕೆಗೆ ಹೊಂದಿಸಿ ಕೊಟ್ಟವರು ಲೆಸ್ಲಿ ಕೋಲ್ಮನ್.

1878ರಲ್ಲಿ ಕೆನಡಾದಲ್ಲಿ ಹುಟ್ಟಿದವರು. ಟೊರಾಂಟೋದಲ್ಲಿ ಓದಿ, ಜರ್ಮನಿಯ ಗಾಟಿಂಗೆನ್‌ನಲ್ಲಿ ಮಣ್ಣಿನ ಬ್ಯಾಕ್ಟೀರಿಯಾ ಮೇಲೆ ಡಾಕ್ಟರೇಟ್ ಮಾಡಿದ್ರು. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದಾಗ ಮೂವತ್ತು ವರ್ಷ. ತಮ್ಮ ಹಳೇ ವಿಷಯವನ್ನೇ ಇಲ್ಲೂ ಮುಂದುವರಿಸಿ ಪೇಪರ್ ಬರೀತಾ ಇರಬಹುದಿತ್ತು. (ನಮ್ಮಲ್ಲಿ ಪ್ರಾಜೆಕ್ಟ್ ಟಾಪಿಕ್ ಆರಿಸೋದು ಹೇಗೆ ಅಂತ ಗೊತ್ತಲ್ಲ, ಸೀನಿಯರ್ಸ್ ಮಾಡಿದ್ದಕ್ಕೆ ಹೊಸ ಹೆಸರು!) ಆದರೆ ಮಲೆನಾಡಿನ ಕಷ್ಟ ಬೇರೆಯೇ ಇತ್ತು. ಮುಂಗಾರು ಬಲವಾದ ವರ್ಷ ಎಳೆಕಾಯಿ ಕೊಳೆತು ಉದುರಿ, ವರ್ಷದ ಅನ್ನವೇ ಮರದ ಬುಡದಲ್ಲಿ ಬಿದ್ದಿರೋದು. ಗೊನೆಗೆ ಕೊಟ್ಟೆ ಕಟ್ಟಿ ಮಳೆನೀರು ತಪ್ಪಿಸೋದು ಬೆಳೆಗಾರರು ತಾವೇ ಕಂಡುಕೊಂಡಿದ್ದ ಉಪಾಯ. ನೀರು ತಾಗದಿದ್ರೆ ರೋಗ ಇಲ್ಲ ಅನ್ನೋದು ಯಾವ ಲ್ಯಾಬಿಗೂ ಮೊದಲು ಅವರಿಗೆ ಗೊತ್ತಿತ್ತು.

ಕೋಲ್ಮನ್ ಅದಕ್ಕೆ ಕಾರಣವಾದ ಫೈಟಾಫ್ತೋರಾವನ್ನು ಅಧ್ಯಯನ ಮಾಡಿ 1910ರಲ್ಲಿ ಪುಸ್ತಿಕೆ ಪ್ರಕಟಿಸಿದರು. ರೋಗದ ಹೆಸರು ಮಾತ್ರ ಬದಲಿಸಲಿಲ್ಲ; ಇಂಗ್ಲಿಷ್ ಪುಸ್ತಿಕೆಯಲ್ಲೂ ಅದು ಕೊಳೆರೋಗವೇ. ಈ ಪದಕ್ಕೆ ಅದಕ್ಕೂ ಹಿಂದಿನ ಭಾಗ್ಯ ಒಂದಿದೆ: ಕಾಫಿ ಎಲೆ ಕೊಳೆಸೋ ಶಿಲೀಂಧ್ರದ ಲ್ಯಾಟಿನ್ ಹೆಸರಿನಲ್ಲೇ ಕೊಳೆರೋಗ ಸೇರಿಕೊಂಡಿದೆ!

ಮದ್ದು ಗೊತ್ತಾದರೆ ಸಾಲದು. ಮಲೆನಾಡಿನ ಮಳೆಗೆ ತೊಳೆದು ಹೋಗಬಾರದು, ಬೆಲೆ ಕೈಗೆಟುಕಬೇಕು, ಎತ್ತರದ ಮರದಲ್ಲಿ ಕೂತು ಹೊಡೆಯೋಕೆ ಆಗಬೇಕು. ಇವೆಲ್ಲ ನಮ್ಮ ಭಾಷೆಯಲ್ಲಿ ಇಂಜಿನಿಯರಿಂಗ್ ಪ್ರಶ್ನೆಗಳೇ. ನನ್ನ ಪ್ರಕಾರ ಅವರ ದೊಡ್ಡ ಕೆಲಸ ಇರೋದು ಇಲ್ಲೇ, ಡಿಗ್ರಿಯಲ್ಲಲ್ಲ.

ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾದರು. 1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ ಶುರುವಾಯ್ತು. ಜಮೀನಿನ ಮಧ್ಯದಲ್ಲೇ ಶಾಲೆ. 1946ರಲ್ಲಿ ಅಲ್ಲೇ ಕಾಲೇಜು, 1964ರಲ್ಲಿ ಕೃಷಿ ವಿಶ್ವವಿದ್ಯಾಲಯ. ಕಾಫಿಯ ತುಕ್ಕುರೋಗ ಜೋರಾದಾಗ 1915ರಲ್ಲಿ ಕೊಪ್ಪದಲ್ಲಿ ತಾತ್ಕಾಲಿಕ ಪ್ರಯೋಗಾಲಯ, 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಯಂ ಕೇಂದ್ರ. ಬೆಂಗಳೂರಲ್ಲಿ ಕಟ್ಟಿದ್ದರೆ ಅಧಿಕಾರಿಗಳಿಗೆ ಅನುಕೂಲ ಇತ್ತು. ಆದರೆ ರೋಗ ಇದ್ದದ್ದು ಭದ್ರೆಯ ಈ ದಂಡೆಗಳಲ್ಲಿ. ಸಂಸೆ, ಕಳಸ ದಾಟಿದ ನೀರೇ ಬಾಳೆಹೊನ್ನೂರಿಗೂ ಹೋಗೋದು.

1934ರವರೆಗೆ ಇಲ್ಲಿದ್ದು ಕೆನಡಾಕ್ಕೆ ಮರಳಿದರು, 1954ರಲ್ಲಿ ತೀರಿಕೊಂಡರು. ರೆಕ್ಕೆಯಿಲ್ಲದ ಒಂದು ದಖನ್ ಮಿಡತೆಗೆ ಕೋಲ್ಮೇನಿಯಾ ಅಂತ ಅವರದೇ ಹೆಸರಿದೆ. ಕೊಳೆರೋಗದ ಶಿಲೀಂಧ್ರಕ್ಕೆ ಅವರು ಕೊಟ್ಟ ಅರೆಕೆ ಅನ್ನೋ ಹೆಸರನ್ನು ಮಾತ್ರ ಈಚಿನ ಸಂಶೋಧಕರು ಪ್ರಶ್ನಿಸಿ, ಮೀಡಿಐ ಅನ್ನೋ ಇನ್ನೊಂದು ಜಾತಿಯ ಕಡೆ ಬೆರಳು ತೋರಿಸ್ತಿದ್ದಾರೆ. ಆ ವಾದ ನಡೀತಿರಲಿ, ತೋಟದಲ್ಲಿ ಮಳೆಗೆ ಮೊದಲು ಒಂದು ಸಲ, ಸುಮಾರು ಒಂದೂವರೆ ತಿಂಗಳು ಬಿಟ್ಟು ಇನ್ನೊಂದು ಸಲ ಬೋರ್ಡೋ ಹೊಡೆಯೋದು ಇದ್ದೇ ಇದೆ.